ಮಾಣಿಕಪ್ಪನವರ ಹೊಗೆ ಹಿಡಿದ ಗ್ಲಾಸು

ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿ ಮಾಣಿಕಪ್ಪನವರನ್ನು ಎಲ್ಲರೂ ಕರೆಯುವುದು ಗಾರ್ಡ್ ಸಾಹೇಬರು ಅಂತಲೇ. ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಮೂವತ್ತೈದು ವರ್ಷ ನೌಕರಿ ಮಾಡಿದ ಮನುಷ್ಯ. ಅಂಥವರಿಗೆ ಮಾತು ಎಲ್ಲಿಂದ ಬರಬೇಕು ಹೇಳಿ. ನಾನೋ ಟಿಕೆಟ್ ಕಿಟಕಿಯ ಹಿಂದೆ ಕೂತು ದಿನಕ್ಕೆ ಸಾವಿರ ಜನರ ಜೊತೆ ಜಗಳವಾಡಿದವನು, ನಿವೃತ್ತನಾಗಿ ನಾಲ್ಕು ವರ್ಷವಾದರೂ ನನ್ನ ಬಾಯಿಗೆ ನಿವೃತ್ತಿ ಸಿಕ್ಕಿಲ್ಲ. ಅವರದು ಭಾಲ್ಕಿ, ನನ್ನದು ಕುಂದಾಪುರ. ನಮ್ಮ ಮನೆಗಳ ನಡುವೆ ಇರುವುದು ಒಂದು ಗೋಡೆ. ಇಬ್ಬರೂ ಮಾತಾಡುವುದು ಒಂದೇ ಕನ್ನಡ ಎಂದು ನಂಬಿಕೊಂಡು ಹನ್ನೆರಡು ವರ್ಷ ಕಳೆದಿದ್ದೇವೆ.

ಅವರಿಗೆ ಒಬ್ಬಳೇ ಮಗಳು, ಲಹರಿ. ಅಳಿಯ ಸೃಜನ್ ಮೈಸೂರಿನವನು, ಕೆಲಸ ಮಾದಾಪುರದಲ್ಲಿ, ಸಂಸಾರ ಕೊಂಡಾಪುರದ ಅಪಾರ್ಟ್‌ಮೆಂಟಿನಲ್ಲಿ. ಎರಡು ವಾರಕ್ಕೊಮ್ಮೆ ಭಾನುವಾರ ಇಬ್ಬರೂ ಊಟಕ್ಕೆ ಬರುತ್ತಾರೆ. ಮದುವೆಯಾಗಿ ಮೂರು ವರ್ಷವಾದರೂ ಅಳಿಯ ಮಾವನ ಹತ್ತಿರ ಆಡಿದ್ದು ಮೂರೇ ಮಾತು. ಬಂದಾಗ ‘ಚೆನ್ನಾಗಿದ್ದೀರಾ’, ಉಣ್ಣುವಾಗ ‘ಸಾಕು’, ಹೋಗುವಾಗ ‘ಬರ್ತೀವಿ’. ಮಾವ ಅಷ್ಟಕ್ಕೂ ಸೇರಿಸಿ ‘ಹೂಂ’ ಎಂದು ಮುಗಿಸುತ್ತಿದ್ದರು. ಗೋಡೆಯ ಈಚೆ ಕೂತ ನನಗೇ ಉಸಿರು ಕಟ್ಟುತ್ತಿತ್ತು.

ಹೀಗಿರುವಾಗ ಕಳೆದ ಮಾರ್ಚ್‌ನಲ್ಲಿ ಒಂದು ಸಂಜೆ ಮಾಣಿಕಪ್ಪ ನಮ್ಮ ಮನೆಗೆ ಬಂದು, ಚಪ್ಪಲಿ ಕಳಚುವುದನ್ನೂ ಮರೆತು ಕುರ್ಚಿಯಲ್ಲಿ ಕೂತರು. ಲಹರಿ ತನ್ನ ತಾಯಿ ತುಳಸಾಬಾಯಿಯವರಿಗೆ ಫೋನಿನಲ್ಲಿ ಹೇಳಿದ್ದಳಂತೆ: ಇನ್ನು ಮೇಲೆ ಹಬ್ಬಕ್ಕಷ್ಟೇ ಬರುತ್ತೇವೆ, ಅಪ್ಪನ ಮುಂದೆ ಕೂತರೆ ಸೃಜನ್‌ಗೆ ಇಂಟರ್ವ್ಯೂಗೆ ಕೂತ ಹಾಗಾಗುತ್ತದೆ.

“ಒಬ್ಬಾಕಿ ಮಗಳು, ಚಂದ್ರಹಾಸ,” ಎಂದು ನನ್ನ ಹೆಸರು ಹಿಡಿದು ಹೇಳಿದರು. “ಅವರೂ ಬರಲಿಲ್ಲಂದ್ರ ನಾ ಯಾರ ದಾರಿ ನೋಡ್ಲಿ?”

ನನಗೆ ನಿಜವಾಗಿ ಕೆಟ್ಟೆನಿಸಿತು. ಆದರೂ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. “ನೀವು ಬಾಯಿ ಬಿಟ್ಟು ನಾಲ್ಕು ಮಾತಾಡಿದ್ದರೆ ಇದು ಆಗುತ್ತಿತ್ತಾ ಮಾರಾಯ್ರೆ?” ಎಂದೆ. ಅವರು ಸಿಟ್ಟಾಗಲಿಲ್ಲ. ಕಿಸೆಯಿಂದ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದರು. ಸೃಜನ್ ತನ್ನ ಅಡುಗೆಮನೆಯಲ್ಲಿ ಹೊಗೆ ತುಂಬಿದ ಗ್ಲಾಸೊಂದನ್ನು ಬೋರಲು ಹಿಡಿದು ನಗುತ್ತಿದ್ದ. ಪಕ್ಕದಲ್ಲಿ ಮೆಜ್ಕಾಲ್ ಎಂಬ ಫಾರಿನ್ ಮದ್ಯದ ಬಾಟಲಿ. ಲಹರಿ ಇದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವಾಗ ಅಪ್ಪನಿಂದ ಮರೆಮಾಡುವುದನ್ನು ಮರೆತು, ಹತ್ತು ನಿಮಿಷದಲ್ಲಿ ಅಳಿಸಿದ್ದಳು. ಆದರೆ ಕಿಲೋಮೀಟರು ದೂರದ ಸಿಗ್ನಲ್ಲು ಗುರುತಿಸಿದ ಕಣ್ಣಿಗೆ ಹತ್ತು ನಿಮಿಷ ಧಾರಾಳವಾಯಿತು, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರು.

“ಹುಡುಗ ಎಷ್ಟ್ ಚಂದ ನಗ್ತಾನ ನೋಡ್ರಿ,” ಎಂದರು. “ನಮ್ಮನ್ಯಾಗ ಒಂದ್ ದಿನಾನೂ ಹಿಂಗ ನಕ್ಕಿಲ್ಲ. ಇದನ್ನ ನಾನೇ ಮಾಡಿ ಕೊಡ್ತೀನಿ. ಜೋಡಿಲೆ ಕೂತು ತೊಗೊಂಡ್ರ ಮಾತು ಬರ್ತದ.”

ಇಲ್ಲೊಂದು ವಿಷಯ ಹೇಳಬೇಕು. ಮಾಣಿಕಪ್ಪನವರು ಶನಿವಾರಕ್ಕೊಮ್ಮೆ ಎರಡು ಪೆಗ್ ವಿಸ್ಕಿ ತೆಗೆದುಕೊಳ್ಳುವವರು, ಅದೂ ನಮ್ಮ ಮನೆಯಲ್ಲಿ. ಲಿಂಗಪೂಜೆಯ ತಮ್ಮ ಮನೆಗೆ ಬಾಟಲಿ ತಂದರೆ ತುಳಸಾಬಾಯಿ ಬಾಟಲಿಯನ್ನೂ ಇವರನ್ನೂ ಒಟ್ಟಿಗೆ ಹೊರಗಿಡುತ್ತಾರೆ. ಇದು ಅಳಿಯನಿಗೆ ಗೊತ್ತಿಲ್ಲ. ಅಳಿಯ ಕುಡಿಯುವುದು ಮಾವನಿಗೆ ಗೊತ್ತಿರಬಾರದು. ನಮ್ಮಲ್ಲಿ ಮರ್ಯಾದೆಸ್ಥರ ಮನೆಗಳೆಲ್ಲ ನಡೆಯುವುದು ಹೀಗೆಯೇ.

ಮಾದಾಪುರದ ದೊಡ್ಡ ಅಂಗಡಿಗೆ ಇಬ್ಬರೂ ಮೆಟ್ರೋ ಹತ್ತಿ ಹೋದೆವು. ಬಾಟಲಿಯ ಮೇಲೆ ಚೂಪು ಎಲೆಯ ಗಿಡದ ಚಿತ್ರವಿತ್ತು. ಮಾಣಿಕಪ್ಪ ಕನ್ನಡಕ ಏರಿಸಿ ನೋಡಿ, “ಇದು ಕತ್ತಾಳಿ ಅಲ್ಲೇನ್ರಿ?” ಎಂದರು. ಅದರ ಅಣ್ಣತಮ್ಮನಂತೆ. ಮೆಕ್ಸಿಕೋದಲ್ಲಿ ಕತ್ತಾಳೆಯ ಬುಡವನ್ನು ನೆಲದ ಗುಂಡಿಯಲ್ಲಿ ಕೆಂಡ ಹಾಕಿ ಸುಟ್ಟು, ಆಮೇಲೆ ಭಟ್ಟಿ ಇಳಿಸುತ್ತಾರೆ ಎಂದು ಅಂಗಡಿಯವನು ಹಿಂದಿಯಲ್ಲಿ ವಿವರಿಸಿದ. ಮೂವತ್ತೈದು ವರ್ಷ ಹಳಿಯ ಪಕ್ಕದ ಕತ್ತಾಳೆ ಬೇಲಿಯನ್ನು ಸುಮ್ಮನೆ ದಾಟಿ ಹೋದ ಸಂಕಟ ಮಾಣಿಕಪ್ಪನವರ ಮುಖದ ಮೇಲೆ ಕಾಣಿಸಿತು.

ನನ್ನ ಹೆಂಡತಿ ತಂಗಿಯ ಮನೆಗೆ ಹೋಗಿದ್ದರಿಂದ ಅಭ್ಯಾಸ ನನ್ನ ಅಡುಗೆಮನೆಯಲ್ಲೇ ನಡೆಯಿತು. ಮುಚ್ಚಳ ತೆರೆದು ಮೂಸಿದವರೇ, ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಡುವ ಸೀತನಿಯ ವಾಸನೆ ಇದು ಎಂದು ತೀರ್ಪು ಕೊಟ್ಟರು. ಮೊಬೈಲಿನ ವಿಡಿಯೋದವನು ರೋಸ್‌ಮೇರಿ ಎಂಬ ಎಲೆ ಸುಡಬೇಕು ಎಂದ. ನಮಗೆ ಅದು ಸಿಕ್ಕಿದ್ದು ಒಣಗಿ ಪೊರಕೆ ಕಡ್ಡಿಯಾಗಿ. ಮಾಣಿಕಪ್ಪ ಸದ್ದಿಲ್ಲದೆ ಮನೆಗೆ ಹೋಗಿ ಹೆಂಡತಿಯ ಹೂವಿನ ಬುಟ್ಟಿಯಿಂದ ನಾಲ್ಕು ಕಡ್ಡಿ ದವನ ತಂದರು. ದೇವರ ದವನ ಅಲ್ಲವೇ ಎಂದು ಕೇಳಿದೆ. ಇನ್ನೂ ಏರಿಸಿಲ್ಲ, ಅಲ್ಲಿಯವರೆಗೆ ಅದು ಬರೀ ಸೊಪ್ಪು ಎಂದರು. ಎಷ್ಟಾದರೂ ರೂಲ್ ಬುಕ್ ಓದಿದ ಮನುಷ್ಯ.

ದವನ ಹೊತ್ತಿಸಬೇಕು, ಗ್ಲಾಸು ಬೋರಲು ಹಾಕಬೇಕು, ಒಳಗೆ ಹೊಗೆ ಕಟ್ಟಬೇಕು, ಆಮೇಲೆ ಮೆಜ್ಕಾಲ್, ನಿಂಬೆರಸ, ಬೆಲ್ಲದ ಪಾಕ, ಐಸು. ಇದನ್ನೆಲ್ಲ ಗಾಡಿ ಬಿಡುವ ಮೊದಲು ಬ್ರೇಕು ಪರೀಕ್ಷಿಸುವ ಗಾಂಭೀರ್ಯದಲ್ಲಿ ಮಾಡುತ್ತಿದ್ದರು. ಮೊದಲ ದಿನ ನನ್ನ ಕಿಟಕಿಯ ಪರದೆಗೆ ಬೆಂಕಿ ಹತ್ತಿತು. ಎರಡನೆಯ ದಿನ ಗ್ಲಾಸು ಸೀಳಿತು. ಮೂರನೆಯ ದಿನ ಎಲ್ಲ ಸರಿಯಾಯಿತು, ಕುಡಿದರೆ ಬೇವಿನ ಕಷಾಯದಷ್ಟು ಕಹಿ. ರುಚಿ ನೋಡುವ ಕೆಲಸ ನನ್ನದಾದ್ದರಿಂದ ಅವರಿಗೆ ಅದು ದೊಡ್ಡ ವಿಷಯವಾಗಲಿಲ್ಲ. “ಫಾರಿನ್ ಮಾಲು ಹಂಗೇ ಇರ್ತದ,” ಎಂದರು.

ಆ ಭಾನುವಾರ ಬಂಧುಗಳ ಮನೆಯಲ್ಲಿ ತೊಟ್ಟಿಲ ಕಾರ್ಯವಿದ್ದುದರಿಂದ ಮಗಳು ಅಳಿಯ ಬರಲೇಬೇಕಾಯಿತು. ಊಟ ಮುಗಿಸಿ ತಾಯಿ ಮಗಳು ಅದಕ್ಕೆ ಹೊರಟರು. ಅವರು ಮರಳಿದೊಡನೆ ಕೊಂಡಾಪುರಕ್ಕೆ ಹೋಗುವುದು ಎಂದಾಗಿತ್ತು. ಚಂದ್ರಹಾಸರ ಮನೆಯ ವೈಫೈ ಕೆಟ್ಟಿದೆ, ಸ್ವಲ್ಪ ನೋಡಿ ಎಂದು ಮಾವ ಅಳಿಯನನ್ನು ನನ್ನಲ್ಲಿಗೆ ಕಳಿಸಿದರು. ಅವರ ಆದೇಶದ ಮೇರೆಗೆ ವೈರು ಕಿತ್ತಿಟ್ಟವನು ನಾನೇ. ಹುಡುಗ ಒಂದೇ ನಿಮಿಷದಲ್ಲಿ ಅದನ್ನು ಸಿಕ್ಕಿಸಿ ಎದ್ದು ನಿಂತ. ಅಷ್ಟರಲ್ಲಿ, ಎಲ್ಲ ಸಜ್ಜು ಮಾಡಿಟ್ಟು ಹಿಂಬಾಗಿಲಿಂದ ಬಂದಿದ್ದ ಮಾಣಿಕಪ್ಪ ನನ್ನ ಅಡುಗೆಮನೆಯಿಂದ ಟ್ರೇಯಲ್ಲಿ ಎರಡು ಗ್ಲಾಸು ಹಿಡಿದು ಬಂದರು. ಹೊಗೆ ಇನ್ನೂ ಅಂಚಿನಿಂದ ಇಳಿಯುತ್ತಿತ್ತು.

“ತೊಗೊಳ್ರಿ,” ಎಂದರು.

ಸೃಜನ್ ಮುಖ ಬಿಳಿಚಿತು. “ಇಲ್ಲ ಇಲ್ಲ, ನಾನು ಇಂಥದ್ದೆಲ್ಲ ಮುಟ್ಟಲ್ಲ.”

ಮಾವನ ಧೈರ್ಯ ಅಲ್ಲೇ ಕುಸಿಯಿತು. “ನಾನೂ ಮುಟ್ಟಂಗಿಲ್ರಿ. ಇದು ಚಂದ್ರಹಾಸರ ಕೆಮ್ಮಿಗಿ ಕಷಾಯ.”

“ಎರಡು ಗ್ಲಾಸಾ?”

“ಕೆಮ್ಮು ಭಾಳ ಅದ.”

ಇಬ್ಬರೂ ನನ್ನನ್ನು ನೋಡಿದರು. ನಾನು ಏನು ಮಾಡಲಿ, ಒಮ್ಮೆ ಕೆಮ್ಮಿದೆ. ಆಮೇಲೆ ಮೊದಲ ಗ್ಲಾಸು ಇಳಿಸಿದೆ, ಎರಡನೆಯದನ್ನೂ ಇಳಿಸಿದೆ. ಆ ಕಹಿಗೆ ನನ್ನ ಮುಖ ಎತ್ತ ತಿರುಗಿತೋ ದೇವರಿಗೇ ಗೊತ್ತು. ಮಾವ ನೆಲ ನೋಡುತ್ತಿದ್ದರು. ಅಳಿಯ ಮಾತ್ರ ಖಾಲಿ ಗ್ಲಾಸನ್ನು ಎತ್ತಿ, ಮೂಗಿಗೆ ಹಿಡಿದು, ತಡೆಯಲಾರದೆ ಹೇಳಿಯೇಬಿಟ್ಟ:

“ಉರಿ ಹತ್ತಿಸಿದ್ದೀರ. ಹತ್ತಿಸಬಾರದು. ಸೊಪ್ಪು ಬರೀ ಕೆಂಡ ಆಗ್ಬೇಕು, ಇಲ್ಲಾಂದ್ರೆ ಕಹಿ ಬರುತ್ತೆ.” ಆಮೇಲೆ ತಾನು ಆಡಿದ್ದು ಹೊಳೆದು, “ಕಷಾಯಕ್ಕೂ ಅಷ್ಟೇ,” ಎಂದು ಸೇರಿಸಿದ.

ಎರಡು ಗ್ಲಾಸು ಒಟ್ಟಿಗೆ ಕುಡಿದವನಿಗೆ ಎಷ್ಟು ಮರ್ಯಾದೆ ಉಳಿದಿರುತ್ತದೆ? ನನಗೆ ಪಿತ್ತ ನೆತ್ತಿಗೇರಿತು. “ಸಾಕು ಮಾರಾಯ್ರೆ ನಿಮ್ಮ ನಾಟಕ,” ಎಂದೆ. “ತಮ್ಮಾ, ನಿನ್ನ ಫೋಟೋ ನಾವು ನೋಡಿದ್ದೇವೆ. ನಿನ್ನ ಮಾವ ಶನಿವಾರ ಶನಿವಾರ ಈ ಕುರ್ಚಿಯಲ್ಲೇ ಕೂತು ಕುಡಿಯುತ್ತಾರೆ. ನೀನು ಇವರ ಜೊತೆ ಒಂದು ಗಳಿಗೆ ಕೂರಲಿ ಅಂತ ಮೂರು ದಿನ ನನ್ನ ಅಡುಗೆಮನೆ ಸುಟ್ಟಿದ್ದಾರೆ. ನಿಮ್ಮಿಬ್ಬರ ಮರ್ಯಾದೆಗೆ ನನ್ನ ಹೊಟ್ಟೆ ಯಾಕೆ ಉರಿಯಬೇಕು?”

ಮಾಣಿಕಪ್ಪನವರ ಕಿವಿ ಕೆಂಪಾಗಿತ್ತು. ಸೃಜನ್ ಅವರತ್ತ ತಿರುಗಿ, ಅಂಗಿಯ ತೋಳು ಮಡಚಿಕೊಂಡು, “ದವನ ಇನ್ನೂ ಇದೆಯಾ?” ಎಂದ.

ಇಬ್ಬರೂ ಒಳಗೆ ಹೋದರು. ಹುಡುಗ ಕಡ್ಡಿಯ ತುದಿ ಹೊತ್ತಿಸಿ ಕೂಡಲೇ ಊದಿ ಆರಿಸಿದ್ದು, “ಈಗ ಗ್ಲಾಸ್ ಹಾಕಿ, ಈಗ” ಎಂದಿದ್ದು, ಮಾವ ಶಾಲೆಯ ಮಗುವಿನ ವಿಧೇಯತೆಯಲ್ಲಿ ಹಾಕಿದ್ದು ಎಲ್ಲ ನನಗೆ ಕೂತಲ್ಲಿಗೇ ಗೊತ್ತಾಯಿತು. ಎರಡು ಗ್ಲಾಸು ಹಿಡಿದು ಬಂದು ಎದುರುಬದುರು ಕೂತರು. ನನಗೆ ಮಜ್ಜಿಗೆ ಕೊಟ್ಟರು. ಒಂದು ಗುಟುಕು ಕುಡಿದು ಮಾಣಿಕಪ್ಪ ಕಣ್ಣು ಮುಚ್ಚಿದರು. ಆ ಗ್ಲಾಸಿನಲ್ಲಿ ಕಹಿ ಇರಲಿಲ್ಲ ಎಂದು ಅವರ ಮುಖ ನೋಡಿಯೇ ತಿಳಿಯಿತು. ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ಅರ್ಧ ಗ್ಲಾಸಿನ ಹೊತ್ತಿಗೆ ಸೃಜನ್ ಬಾಯಿ ಬಿಟ್ಟ. “ನಾನು ಬರೋದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ನಾನು ಕೂತ್ರೆ ಸಾಕು, ಐದೈದು ನಿಮಿಷಕ್ಕೆ ವಾಚ್ ನೋಡ್ತೀರ. ಎದ್ದು ಹೋಗು ಅಂತ ಅದರ ಅರ್ಥ ಅಂದ್ಕೊಂಡೆ. ಮೂರು ವರ್ಷ ಹಾಗೇ ಅಂದ್ಕೊಂಡೆ.”

ಗೂಡ್ಸ್ ಗಾಡಿಯ ಗಾರ್ಡು ಪ್ರತಿ ಸ್ಟೇಷನ್ನು ದಾಟಿದ ಗಳಿಗೆಯನ್ನೂ ಬರೆದಿಡಬೇಕು, ಆ ಕೈ ಸುಮ್ಮನಿರುವುದಿಲ್ಲ, ಅದೊಂದು ಚಟ ಎಂದು ವಿವರಿಸಲು ನಾನು ಬಾಯಿ ತೆರೆದೆ. ಮಾಣಿಕಪ್ಪ ಕೈಯೆತ್ತಿ ನನ್ನನ್ನು ತಡೆದರು.

“ಚಟ ಅಲ್ರಿ,” ಎಂದರು. ಗ್ಲಾಸನ್ನು ಕೆಳಗಿಟ್ಟರು. “ನೀವು ನಾಕಕ್ಕ ಹೊರಡ್ತೀರಿ. ಇನ್ನಾ ಎಷ್ಟೊತ್ತು ಇರ್ತೀರಿ ಅಂತ ನೋಡ್ತಿದ್ನಪ್ಪ ನಾನು. ಮೂರೂವರಿ ಆತಂದ್ರ ನನಗ ಎದಿಯೊಳಗ ಕಸಿವಿಸಿ ಆಗ್ಲಿಕ್ಕಿ ಸುರು ಆಗ್ತದ.”

ಸೃಜನ್ ತಲೆ ತಗ್ಗಿಸಿ ಗ್ಲಾಸಿನ ಐಸು ಅಲ್ಲಾಡಿಸುತ್ತ ಕೂತ. ಮಜ್ಜಿಗೆ ಹಿಡಿದುಕೊಂಡು ನಾನೂ ಸುಮ್ಮನೆ ಕೂತೆ. ನಾನು ಸುಮ್ಮನೆ ಕೂತದ್ದು ನಮ್ಮ ಗಲ್ಲಿಯ ಇತಿಹಾಸದಲ್ಲಿ ಅದೇ ಮೊದಲು.

ಆಗ ಲಹರಿಯ ಫೋನು ಬಂತು. ಕಾರ್ಯ ಮುಗಿಯಿತು, ಕೊಂಡಾಪುರಕ್ಕೆ ಕ್ಯಾಬ್ ಬುಕ್ ಮಾಡಲಾ ಎಂದು ಅವಳು ಕೇಳಿದ್ದು ನನ್ನವರೆಗೂ ಕೇಳಿಸಿತು.

“ಬೇಡ,” ಎಂದ ಸೃಜನ್. “ಇವತ್ತು ಇಲ್ಲೇ ಇರೋಣ. ನಾನು ಮಾವನ ಜೊತೆ ಕೂತಿದ್ದೀನಿ.”