ಹದಿನೈದನೆಯ ಕುರ್ಚಿ

ಗೆಲ್ಸೆನ್‌ಕಿರ್ಷೆನ್ನಿನ ಕಲ್ಲಿದ್ದಲು ಗಣಿಯ ಪಕ್ಕದ ನೃತ್ಯಶಾಲೆಯಲ್ಲಿ ಭಾನುವಾರದ ಮಧ್ಯಾಹ್ನವೆಂದರೆ ಎವಾಲ್ಡ್ ಟ್ರಾಪ್‌ಮನ್ನನ ಬ್ಯಾಂಡು. ವಾದ್ಯಗಾರರು ಹದಿನಾಲ್ಕು, ಕುರ್ಚಿ ಹದಿನೈದು. ಯುದ್ಧ ಮುಗಿದಾಗಿನಿಂದ ಹದಿನೈದನೆಯದರಲ್ಲಿ ಯಾರೂ ಕೂತಿಲ್ಲ.

ಅದು ಸೀಗ್‌ಬರ್ಟನದು. ಅವನು ಕ್ಲಾರಿನೆಟ್ ಹಿಡಿದರೆ ಕುಣಿಯುವವರು ಹೆಜ್ಜೆ ಮರೆತು ನಿಲ್ಲುತ್ತಿದ್ದರು. ಹಿಟ್ಲರನ ಕಾಲದಲ್ಲಿ ಪ್ರತಿ ಬ್ಯಾಂಡಿನ ಯಜಮಾನನೂ ತನ್ನ ವಾದ್ಯಗಾರರ ಪಟ್ಟಿಯನ್ನು, ಅವರ ಹೆತ್ತವರ ಧರ್ಮ ಸಮೇತ, ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಕೆಲವರು ‘ವಿಚಾರಿಸಿ ತಿಳಿಸುತ್ತೇವೆ’ ಎಂದು ಬರೆದು ತಿಂಗಳುಗಟ್ಟಲೆ ದೂಡಿದರು. ಎವಾಲ್ಡನೋ ಸ್ವರಲಿಪಿಯಲ್ಲಿ ಒಂದು ಚುಕ್ಕೆ ತಪ್ಪಿದರೂ ನಿದ್ದೆ ಬಾರದ ಮನುಷ್ಯ. ದುಂಡಗಿನ ಅಕ್ಷರದಲ್ಲಿ ಎಲ್ಲವನ್ನೂ ತುಂಬಿದ. ಸೀಗ್‌ಬರ್ಟನ ತಾಯಿ ಯಹೂದಿ ಎಂಬುದನ್ನೂ. ಮೊದಲು ವಾದ್ಯ ಮುಟ್ಟಬಾರದೆಂಬ ಆಜ್ಞೆ ಬಂತು. ಆಮೇಲೆ ಕೂಲಿ ಶಿಬಿರ. ಹೋದವನು ಬರಲಿಲ್ಲ.

ಕೊನೆಯ ಹಾಡಿನಲ್ಲಿ ಸೀಗ್‌ಬರ್ಟ್ ಒಬ್ಬನೇ ನುಡಿಸುತ್ತಿದ್ದ ಎಂಟು ಆವರ್ತಗಳನ್ನು ಎವಾಲ್ಡ್ ಮತ್ತೆ ಯಾರಿಗೂ ಕೊಡಲಿಲ್ಲ. ಆ ಜಾಗ ಬಂದಾಗ ಖಾಲಿ ಕುರ್ಚಿಯ ಕಡೆ ಕೈ ಚಾಚುತ್ತಿದ್ದ. ಡ್ರಮ್ಮು ಮಾತ್ರ ಮೆಲ್ಲಗೆ ನಡೆಯುತ್ತಿತ್ತು.

“ಜನ ಬ್ಯಾಂಡ್ ಕೆಟ್ಟೋಯ್ತು ಅಂದ್ಕೋತಾರೆ ಕಣಯ್ಯಾ!” ಎಂದ ನೃತ್ಯಶಾಲೆಯ ಒಡೆಯ ಕೂನೊ. “ಇನ್ಮೇಲೆ ಬ್ಯಾಂಡ್ ಬದ್ಲು ರೆಕಾರ್ಡ್ ಹಾಕ್ತೀನಿ, ಅದು ನಡುವೆ ಬಾಯಿ ಮುಚ್ಕೊಂಡು ಕೂರಲ್ಲ. ಈ ಭಾನುವಾರ ನುಡಿಸ್ಬಿಡು, ಅಲ್ಲಿಗೆ ಮುಗೀತು.”

“ಕೊನೇ ಸಲನಾದ್ರೂ ಅದನ್ನ ಯಾರಾದ್ರೂ ನುಡಿಸ್ಲಿ ಬಿಡ್ರೀ,” ಎಂದಳು ಮನೆಯಲ್ಲಿ ಎವಾಲ್ಡನ ಹೆಂಡತಿ ಹೆಡ್ವಿಗ್. “ಸೀಗ್‌ಬರ್ಟ್ ಏನು ಬೇಡ ಅಂತಿದ್ನಾ?”

“ಅನ್ನೋಕೆ ಅವನಿಲ್ವಲ್ಲೇ. ನಾನಿರೋವರ್ಗೂ ಅದು ಅವನ್ದು.”

ಆ ವಾರ ವಾದ್ಯಗಾರನೊಬ್ಬ ಹಾಸಿಗೆ ಹಿಡಿದಿದ್ದರಿಂದ ಅವನ ಬದಲಿಗೆ ಪರವೂರಿನ ಕ್ಲಾರಿನೆಟ್ ವಾದಕ ಗೆರ್ನೋಟ್ ಬಂದಿದ್ದ. ವಿಷಯ ಅವನ ಕಿವಿಗೆ ಹಾಕಲು ಎಲ್ಲರೂ ಮರೆತರು. ಕೊನೆಯ ಹಾಡು ಬಂತು, ಎವಾಲ್ಡ್ ಕೈ ಚಾಚಿದ. ಡ್ರಮ್ಮೊಂದೇ ಉಳಿದದ್ದು ಕೇಳಿ, ಯಾರೋ ತಪ್ಪಿದರೆಂದು ಗಾಬರಿಬಿದ್ದ, ಆ ಹಾಡು ಬಲ್ಲ ಗೆರ್ನೋಟ್ ಕ್ಲಾರಿನೆಟ್ ಎತ್ತಿ ಎಂಟೂ ಆವರ್ತ ನುಡಿಸಿಬಿಟ್ಟ.

ಚೆನ್ನಾಗಿಯೇ ನುಡಿಸಿದ.

“ಇವನ್ನ ಇಷ್ಟ್ ದಿನ ಎಲ್ಲಿ ಬಚ್ಚಿಟ್ಟಿದ್ರಿ?” ಎಂದು ಯಾರೋ ಕೂಗಿದರು. ಹಿಂದೆ ಸೀಗ್‌ಬರ್ಟನಿಗಾಗಿ ಹೆಜ್ಜೆ ಮರೆತಿದ್ದ ಮುದುಕ ಮುದುಕಿಯರೂ ಚಪ್ಪಾಳೆ ತಟ್ಟಿದರು. ಎವಾಲ್ಡನ ಚಾಚಿದ್ದ ಕೈ ತಾನಾಗಿ ಇಳಿಯಿತು. ಉಳಿದ ಹಾಡನ್ನು ಬ್ಯಾಂಡು ಯಜಮಾನನ ಕೈಸನ್ನೆಯಿಲ್ಲದೆಯೇ ಮುಗಿಸಿತು.

“ಮಾನ ಉಳಿಸ್ದೆ ನೋಡಿ, ಯಜಮಾನ್ರೇ,” ಎಂದು ಗೆರ್ನೋಟ್ ನಕ್ಕ.

“ಹ್ಞೂಂ,” ಎಂದು ಎವಾಲ್ಡ್ ಕೋಟು ತರಲು ಒಳಗೆ ಹೋದ.

ಆ ಕುರ್ಚಿಯನ್ನಾದರೂ ಮನೆಗೆ ಒಯ್ಯೋಣವೆಂದು ತಿರುಗಿ ಬಂದರೆ, ಕೂನೊ ಹದಿನೈದನ್ನೂ ಮಡಚಿ ಗೋಡೆಗೆ ಒರಗಿಸಿದ್ದ. ಎಲ್ಲವೂ ಒಂದೇ ಥರ. ಎವಾಲ್ಡ್ ಒಂದೊಂದನ್ನೇ ಮುಟ್ಟಿ ನೋಡುತ್ತ ನಿಂತ.