ಅವ್ವ ಬೈದ ದಿನ

"ಅಕ್ಕಾರ, ಚೆಲ್ಲಬ್ಯಾಡ್ರಿ!" ಅಮೀನಾ ಓಡಿಬಂದು ನನ್ನ ಹೆಂಡತಿಯ ಕೈಯಿಂದ ಪಾತ್ರೆ ಕಸಿದುಕೊಂಡಳು. ಅಂಬಲಿಗೆಂದು ಕಲಸಿಟ್ಟಿದ್ದ ಜೋಳದ ಹಿಟ್ಟು ವಿಪರೀತ ಹುಳಿಯಾಗಿತ್ತು. "ಹುಚ್ಚವ್ವಾ, ಅದನ್ನ ಎಮ್ಮಿನೂ ಮೂಸಿ ನೋಡಂಗಿಲ್ಲ" ಎಂದು ನನ್ನ ಹೆಂಡತಿ ನಕ್ಕಳು.

ಬೆಟಗೇರಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಅಮೀನಾ ಸುಡಾನಿನವಳು. ಯುದ್ಧದಲ್ಲಿ ನೆಲೆ ಕಳೆದುಕೊಂಡವರಿಗೆ ಕೊಡುವ ವಿದ್ಯಾರ್ಥಿವೇತನ ಸಿಕ್ಕಿ ಗದಗಿನಲ್ಲಿ ಓದುತ್ತಿದ್ದಾಳೆ; ನಮ್ಮ ಮಾತನ್ನೂ ಕಲಿತಿದ್ದಾಳೆ. ತಾಯಿ ಮಾತ್ರ ನಿರಾಶ್ರಿತರ ಡೇರೆಯಲ್ಲೇ ಉಳಿದಿದ್ದಾಳೆ. ಫೋನಿನಲ್ಲಿ ಮಗಳ ಮುಖ ಕಂಡರೆ ಸಾಕು, ಮಾತೇ ಆಡದೆ ಅಳುತ್ತಿದ್ದಳು.

ಅಮೀನಾ ಆ ಹಿಟ್ಟಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ, ಕಾದ ಹಂಚಿನ ಮೇಲೆ ಹಾಳೆಯಂತೆ ಸವರಿದಳು. ಅವರೂರಿನ ಜೋಳದ ರೊಟ್ಟಿ ಹೀಗೆ ಹುಳಿ ಹಿಟ್ಟಿನದೇ ಅಂತೆ. ಫೋನು ಹಚ್ಚಿ ತಾಯಿಗೆ ತೋರಿಸಿದಳು. ಆ ಕಡೆಯಿಂದ ಒಮ್ಮೆಲೇ ಜೋರು ದನಿ ಕೇಳಿತು. ಅಮೀನಾಳ ಕಣ್ಣು ತುಂಬಿತು.

"ಏನಂದ್ರು ನಿಮ್ಮವ್ವ?" ಎಂದು ಗಾಬರಿಯಿಂದ ಕೇಳಿದೆ.

"ದಪ್ಪ ಆತು, ಇಷ್ಟೂ ಬರಂಗಿಲ್ಲೇನು ಅಂತ ಬೈದಳ್ರಿ ಮಾಮಾ. ಯುದ್ಧ ಶುರುವಾದ ಮ್ಯಾಲೆ ಅವ್ವ ನನ್ನ ಬೈದಿದ್ದು ಇವತ್ತ ಮೊದಲು."

ಓದು ಮುಗಿಯುವ ತನಕ ಅಮೀನಾ ಅಲ್ಲಿಗೆ ಹೋಗುವಂತಿಲ್ಲ, ತಾಯಿ ಇಲ್ಲಿಗೆ ಬರುವಂತಿಲ್ಲ. ಈಗ ವಾರಕ್ಕೊಮ್ಮೆ ಅಮೀನಾ ರೊಟ್ಟಿ ಸವರುವಾಗ ಆ ತಾಯಿಯ ಬೈಗುಳ ನಮ್ಮ ಅಡುಗೆಮನೆ ತುಂಬುತ್ತದೆ. ಅದರಲ್ಲಿ ಒಂದಕ್ಷರವೂ ನಮಗೆ ತಿಳಿಯುವುದಿಲ್ಲ. ಆದರೂ ಕರೆ ಕಟ್ಟಾದೊಡನೆ ಮನೆ ಬಿಕೋ ಎನ್ನುತ್ತದೆ.