ಹತ್ತು ಪಟ್ಟಿನ ಭೂತಗನ್ನಡಿ

ನಮ್ಮಮ್ಮನಿಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಪ್ರಯೋಜನ, ಓಣಿಗೆಲ್ಲ ಗೊತ್ತಿದ್ದ ವಿಷಯ. ಕಿಚ್ಚು ಚಿಕ್ಕಮ್ಮನ ಮೇಲೆ, ಅಂದರೆ ಅಮ್ಮನ ಓರಗಿತ್ತಿಯ ಮೇಲೆ. ಇಬ್ಬರೂ ಒಂದೇ ಕಿಟಕಿಯ ಬೆಳಕಿನಲ್ಲಿ ಕೂತು, ಹರಿದ ಬಟ್ಟೆಗೆ ಎಳೆಗೆ ಎಳೆ ಸೇರಿಸಿ ರಫು ಮಾಡುತ್ತಿದ್ದರು. ಮೂವತ್ತು ವರ್ಷ ನಮ್ಮ ಓಣಿಯ ಟೈಲರ್ ಒಳ್ಳೊಳ್ಳೆಯ ಕೋಟುಗಳನ್ನೆಲ್ಲ ಅಮ್ಮನ ಕೈಗೇ ಕೊಟ್ಟಿದ್ದ. ಈಗ ಅಮ್ಮನ ಕಣ್ಣು ಮಂಜಾಗಿತ್ತು, ಚಿಕ್ಕಮ್ಮ ಒಂದು ಭೂತಗನ್ನಡಿ ತಂದಿದ್ದಳು. ಕೋಟುಗಳು ಒಂದೊಂದಾಗಿ ಅತ್ತ ಸರಿದವು.

ಅಮ್ಮ ಕನ್ನಡಕದ ಅಂಗಡಿಗೆ ಹೋದಳು. "ನಮ್ಮ ಓರಗಿತ್ತಿ ತಗೊಂಡಿದ್ದು ಎಷ್ಟು ದೊಡ್ಡದಾಗಿ ತೋರಿಸುತ್ತೆ?"

"ಮೂರು ಪಟ್ಟು."

"ನಂಗೆ ಹತ್ತರದ್ದು ಕೊಡಿ."

"ರಫು ಕೆಲಸಕ್ಕೆ ಅದು ಬೇಡಮ್ಮ..."

"ಕೊಡಿ ಅಂದ್ನಲ್ಲ!"

ಹತ್ತರ ಗಾಜು ಕೋಟಿನ ಗುಂಡಿಯಷ್ಟಿತ್ತು. ಬಟ್ಟೆಗೆ ಮೂಗು ತಾಗಿಸಿದರೆ ಮಾತ್ರ ಕಾಣುತ್ತಿತ್ತು. ಎಳೆಗಳು ಹಗ್ಗದಷ್ಟು ದಪ್ಪ ನಿಜ, ಆದರೆ ಕಂಡದ್ದು ಬೆರಳೆಣಿಕೆಯಷ್ಟೇ. ಸೂಜಿ ಆಡಿಸಲು ಜಾಗವಿಲ್ಲದೆ ಗಾಜಿಗೇ ಕುಟ್ಟುತ್ತಿತ್ತು. ಆದರೂ ಮೂರು ದಿನ ಹಟ ಹಿಡಿದು ಚೌಕಳಿ ಕೋಟಿನ ಒಂದು ತೋಳು ಮುಗಿಸಿದಳು. ದೂರ ಹಿಡಿದು ನೋಡಿದರೆ, ಚೌಕಳಿಯ ಗೆರೆ ಗೋಧಿಕಾಳಿನಷ್ಟು ಪಕ್ಕಕ್ಕೆ ಜರುಗಿತ್ತು. ಟೈಲರ್ ಬಿಚ್ಚಿ ಮತ್ತೆ ಮಾಡಲು ಕೋಟನ್ನು ಚಿಕ್ಕಮ್ಮನ ಮುಂದಿಟ್ಟ. ಅಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಗಾಜು ಬದಲಿಸಲು ನನ್ನನ್ನೂ ಎಳೆದುಕೊಂಡು ಹೋದಳು. ಅಂಗಡಿಯವರು ನಕ್ಕರು. "ಪಟ್ಟು ಹೆಚ್ಚಿದಷ್ಟೂ ಕಾಣೋ ಜಾಗ ಕಡಿಮೆ. ನಿಮ್ಮ ಓರಗಿತ್ತಿಗೂ ಇದನ್ನೇ ಹೇಳಿದ್ದೆ. ಅವರೂ ಮೊದಲು ಹತ್ತರದ್ದೇ ಒಯ್ದು, ವಾರದಲ್ಲೇ ವಾಪಸ್ ತಂದ್ರು."

"ಅವಳಿಗ್ಯಾಕೆ ಹತ್ತು?"

"'ನಮ್ಮಕ್ಕ ಬರಿಗಣ್ಣಲ್ಲಿ ಹಾಕಿದ ಹೊಲಿಗೆ ಎಲ್ಲಿದೆ ಅಂತ ಇವತ್ತಿಗೂ ಗೊತ್ತಾಗಿಲ್ಲ, ಅದು ಕಾಣೋ ಗಾಜು ಕೊಡಿ' ಅಂದಿದ್ರು. ಹೊಟ್ಟೆ ಉರೀತಿತ್ತು, ಪಾಪ."

ಅಮ್ಮ ಗಾಜು ಬದಲಿಸಿಕೊಂಡು ಬಿರಬಿರನೆ ಮನೆಗೆ ನಡೆದಳು. ಮನೆಯಲ್ಲಿ ಚಿಕ್ಕಮ್ಮ ಆ ಚೌಕಳಿ ತೋಳನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡುತ್ತಿದ್ದಳು. ಮುಖ ಗಂಟಿಕ್ಕಿತ್ತು.

"ಇನ್ನೂ ಬಿಚ್ಚಿಲ್ವಾ?" ಅಂದಳು ಅಮ್ಮ.

"ಎಲ್ಲಿಂದ ಬಿಚ್ಚಲಿ? ಬೆಳಗ್ಗೆಯಿಂದ ಹುಡುಕ್ತಿದ್ದೀನಿ, ನಿಮ್ಮ ಹೊಲಿಗೆ ತುದಿನೇ ಸಿಗ್ತಿಲ್ಲ. ತಗೊಳ್ಳಿ ಅಕ್ಕ, ನೀವೇ ಬಿಚ್ಚಿ, ನೀವೇ ಮಾಡಿ!" ಎಂದು ಕೋಟನ್ನು ಅಮ್ಮನ ತೊಡೆಗೆ ಎಸೆದಳು.

ಅಮ್ಮ ಆವತ್ತು ಎರಡು ತುತ್ತು ಹೆಚ್ಚೇ ಉಂಡಳು.